ಬುಡನ್‌ಸಾಬರು ಕಟ್ಟಿದ ಗಂಟು

ಬರಿಗೈಯಲ್ಲಿ ಬಂದರೂ ಬುಡನ್‌ಸಾಬರು ಬಾಗಿಲನ್ನು ಅಡ್ಡಡ್ಡಲಾಗಿಯೇ ದಾಟುತ್ತಿದ್ದರು. ಮೊದಲು ಎಡ ಭುಜ, ಆಮೇಲೆ ತಲೆ, ಕೊನೆಗೆ ಬಲ ಭುಜ. ಯಾರೋ ಇಬ್ಬರು ಹಿಡಿದ ನಿಲುಗನ್ನಡಿಯೊಂದು ತಮ್ಮ ಜೊತೆಗೇ ಒಳಗೆ ಬರುತ್ತಿದೆಯೇನೋ ಎಂಬಂತೆ ಬಾಗಿಲುವಾಡದ ಎರಡು ಪಕ್ಕವನ್ನೂ ಕಣ್ಣಿನಲ್ಲೇ ಅಳೆದು ಕಾಲಿಡುತ್ತಿದ್ದರು. ಮೂವತ್ತು ವರ್ಷ ಪರರ ಮನೆಯ ಸಾಮಾನು ಹೊತ್ತು ಮೈಗೆ ಹತ್ತಿದ ನಡಿಗೆ ಅದು. ಮಸೀದಿಗೂ ಹಾಗೆಯೇ ಹೋಗುತ್ತಾರೆಂದು ಚನ್ನಗಿರಿಯ ಪೇಟೆಯವರು ನಗುತ್ತಿದ್ದರು.

ಹುಟ್ಟಿನಿಂದ ಅವರದು ಹತ್ತಿ ಹಿಂಜುವ ಕಸುಬು. ಆದರೆ ತಾಲ್ಲೂಕು ಕಚೇರಿಯವರಿಗೋ ನಮ್ಮಂಥ ಮೇಷ್ಟರಿಗೋ ವರ್ಗವಾಯಿತೆಂದರೆ ನಡುಮನೆಯ ಸಾಮಾನು ಕಟ್ಟಲು ಅವರೇ ಬರಬೇಕು. ಯಾವ ಕಾಲದಲ್ಲೋ ಒಬ್ಬ ಅಮಲ್ದಾರರು ಬಿಟ್ಟುಕೊಟ್ಟ ಕರಿಕೋಟು ಅವರ ಮೈಮೇಲೆ. ತೋಳು ಮೊಣಕೈಗಿಂತ ನಾಲ್ಕು ಬೆರಳು ಕೆಳಗೆ ಇಳಿದು ಅಲ್ಲಿಗೇ ನಿಂತಿತ್ತು. ಒಂದು ಜೇಬಿನಲ್ಲಿ ಹುರಿ, ಇನ್ನೊಂದರಲ್ಲಿ ದಬ್ಬಣ, ಎದೆಯ ಜೇಬಿನ ತುಂಬ ಹತ್ತಿ. ಗಾಜಿನದು ಏನೇ ಇರಲಿ, ಬೆರಳ ಗೆಣ್ಣಿನಿಂದ ಬಡಿದು ಕಿವಿಗೊಟ್ಟು ಕೇಳಿ, ಸ್ವರ ಒಪ್ಪಿದ ಮೇಲೆಯೇ ಹತ್ತಿ ಸುತ್ತಿ, ಭತ್ತದ ಹೊಟ್ಟು ತುಂಬಿದ ಪೆಟ್ಟಿಗೆಗೆ ಇಳಿಸುತ್ತಿದ್ದರು.

ಇಷ್ಟೇ ಆಗಿದ್ದರೆ ಅವರನ್ನು ಮರೆಯಬಹುದಿತ್ತು. ಕಟ್ಟಿ ಮುಗಿದ ಪ್ರತಿಯೊಂದು ಪೆಟ್ಟಿಗೆಯನ್ನೂ ಅವರು ಮನೆಯವರೆದುರೇ ಮೊಣಕಾಲೆತ್ತರಕ್ಕೆ ಎತ್ತಿ ಧೊಪ್ಪನೆ ನೆಲಕ್ಕೆ ಕೆಡವುತ್ತಿದ್ದರು. "ಒಡೆಯಾದಾದ್ರೆ ನನ್ನ ಕೈಯಾಗೇ ಒಡೀಲಿ. ದಾರಿ ಮ್ಯಾಲೆ ಹಾಕಬ್ಯಾಡ್ರಿ ತಪ್ಪು," ಎನ್ನುತ್ತಿದ್ದರು. ಅಳುವವರು ಅತ್ತರೂ ಬೈಯುವವರು ಬೈದರೂ ಈ ಒಂದು ಪದ್ಧತಿಯನ್ನು ಅವರು ಬಿಟ್ಟವರಲ್ಲ.

ಸಾವಿರದ ಒಂಬೈನೂರ ಮೂವತ್ತೆಂಟರ ಬೇಸಿಗೆಯಲ್ಲಿ ನನಗೆ ಜಗಳೂರಿಗೆ ವರ್ಗವಾಯಿತು. ನನ್ನ ತಾಯಿ ಉಡಚಮ್ಮನ ಕಣ್ಣು ಹೋಗಿ ಆಗ ಎರಡು ವರ್ಷ. ಚನ್ನಗಿರಿಯ ಮನೆಯ ಗೋಡೆ, ಕಂಬ, ಹೊಸ್ತಿಲು ಅವಳ ಅಂಗೈಗೆ ಪಾಠವಾಗಿದ್ದವು; ಹೊತ್ತು ಮಾತ್ರ ನಡುಮನೆಯ ಗೋಡೆಗಡಿಯಾರದಿಂದ ತಿಳಿಯಬೇಕು. ಅದರ ಬಡಿತ ಎಣಿಸಿಯೇ ಅವಳು ಸ್ನಾನಕ್ಕೆ ಏಳುವಳು, ದೀಪ ಹಚ್ಚಿದಿರಾ ಎಂದು ಕೇಳುವಳು. ಕಾಣದ ಊರಿಗೆ ಹೊರಡುವಾಗ ಅವಳು ಕೇಳಿದ್ದು ಒಂದೇ: "ಅದೊಂದು ಅಲ್ಲಿ ಬಡಕಂಡ್ರೆ ಸಾಕಪ್ಪ. ಯಾವ ಊರಾದ್ರೂ ನಂದೇ ಮನಿ ಅಂದ್ಕಂತೀನಿ." ಜಗಳೂರಿನ ದಾರಿಯೋ ಮೂರು ದಿನದ್ದು, ಮೈತುಂಬ ಕಲ್ಲು.

ಬುಡನ್‌ಸಾಬರು ಗಡಿಯಾರವನ್ನು ಅರ್ಧ ದಿನ ಕಟ್ಟಿದರು. ಕೊನೆಗೆ ಪೆಟ್ಟಿಗೆಯನ್ನು ಎತ್ತಿದಾಗ ನನ್ನ ಹೆಂಡತಿ ಕೆಂಪಕ್ಕನಿಗೆ ತಡೆಯಲಾಗಲಿಲ್ಲ.

"ಇದನ್ನೂ ಕೆಡವ್ತೀರಾ ಸಾಬ್ರೇ? ಹಂಗಾದ್ರೆ ನಮ್ಮತ್ತೀನೂ ಒಂದ್ಸಲ ಎತ್ತಿ ಕೆಡವಿ ನೋಡ್ರಿ!"

ಮೂಲೆಯಿಂದ ತಾಯಿ ಅಂದಳು: "ಕೆಡವಲಿ ಬಿಡೇ. ನಾನೇನು ಒಡಿಯಾಕಿಲ್ಲ."

ಪೆಟ್ಟಿಗೆ ಧೊಪ್ಪೆಂದಿತು. ಬುಡನ್‌ಸಾಬರು ಕಿವಿಗೊಟ್ಟು ಕೇಳಿ, ಮುಗುಳ್ನಕ್ಕರು.

ಜಗಳೂರು ಸೇರುವವರೆಗೂ ತಾಯಿ ಕಮಾನುಗಾಡಿಯಲ್ಲಿ ಎರಡೂ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡೇ ಕುಳಿತಿದ್ದಳು. ಗಾಡಿ ಎತ್ತಿ ಹಾಕಿದಾಗಲೂ ಗೂಟ ಹಿಡಿಯಲಿಲ್ಲ. ಹೊಟ್ಟೆ ನೋವೇ ಎಂದು ಕೆಂಪಕ್ಕ ಕೇಳಿದರೆ, "ನಿನ್ನ ಕೆಲಸ ನೋಡು," ಎಂದು ಗದರಿದಳು.

ಹೊಸ ಮನೆಯಲ್ಲಿ ಮೊದಲು ಬಿಚ್ಚಿದ್ದು ಗಡಿಯಾರದ ಪೆಟ್ಟಿಗೆ. ಗಾಜಿಗೆ ಕೂದಲಷ್ಟು ಗೆರೆಯಿಲ್ಲ. ಮೊಳೆ ಹೊಡೆದು, ತೂಗುಹಾಕಿ, ಅದರ ಬಾಗಿಲು ತೆರೆದು ಕೀಲಿ ಕೊಟ್ಟರೆ, ಒಳಗೆ ತೂಗಾಡಬೇಕಾದ ಹಿತ್ತಾಳೆಯ ಬಿಲ್ಲೆಯೇ ಇಲ್ಲ! ಬರಿಯ ತಂತಿ ಎರಡು ಸಲ ಅತ್ತಿತ್ತ ಆಡಿ ನಿಂತಿತು. ಹೊಟ್ಟನ್ನೆಲ್ಲ ನೆಲಕ್ಕೆ ಸುರಿದು ಮೊರದಲ್ಲಿ ಕೇರಿದೆವು, ಹಾಸಿಗೆಗಳನ್ನು ಒದರಿದೆವು, ಗಾಡಿಯ ಹಾಲೇಶಪ್ಪ ಹುಲ್ಲಿನೊಳಗೆಲ್ಲ ಕೈಯಾಡಿಸಿದ. ಸಿಕ್ಕಲಿಲ್ಲ. ಕಟ್ಟುವುದೊಂದನ್ನು ಬಿಟ್ಟು ಬೇರೆ ಏನೂ ತಿಳಿಯದ ಮನುಷ್ಯ ಅದೊಂದನ್ನೇ ಮರೆತನಲ್ಲ ಎಂದು ನಾನು ಬುಡನ್‌ಸಾಬರನ್ನು ಗಟ್ಟಿಯಾಗಿಯೇ ಬೈದೆ.

ಆಗ ತಾಯಿ, "ಅವನಿಗ್ಯಾಕೆ ಬೈತೀಯೋ... ಇಲ್ಲಿ ಬಾ," ಎಂದಳು. ಹತ್ತಿರ ಹೋದೆ. ಮುಖ ಕೆಂಪಗಾಗಿತ್ತು. "ಹೊರಡೋ ಹೊತ್ನಾಗೆ ಸಾಬ ನನ್ನ ಮಡಿಲಿಗೆ ಏನೋ ಹಾಕಿದ. 'ಅವ್ವಾ, ಮನೆ ಸೇರೋಗಂಟ ಬಿಚ್ಚಬ್ಯಾಡ್ರಿ' ಅಂದ. ಗುಂಡಗಿತ್ತು, ಮ್ಯಾಲೆ ಮೆತ್ತಗೆ, ಒಳಗೆ ಗಟ್ಟಿ. ಕೊಬ್ಬರಿ ಗಿಟುಕು ಅಂದ್ಕಂಡೆ. ಗಂಡ ಸತ್ತ ಮುದುಕಿಗೆ ಉಡಿ ತುಂಬವ್ನೆ, ಪಾಪ, ನಮ್ಮ ಪದ್ಧತಿ ತಿಳೀದು ಅಂತ... ಸೊಸಿ ನಗ್ತಾಳೆ ಅಂತ ಮುಚ್ಚಿಟ್ಕಂಡೆ."

ಸೆರಗಿನ ಗಂಟು ಬಿಚ್ಚಿದಳು. ಅಂಗೈಯಗಲದ ಹತ್ತಿಯ ಉಂಡೆ. ಅದರ ಹೊಟ್ಟೆಯಲ್ಲಿ ಬಿಲ್ಲೆ, ಮೂರು ದಿನದ ಅವಳ ಮೈಬಿಸಿಗೆ ಇನ್ನೂ ಬೆಚ್ಚಗಿತ್ತು.

ಕೆಂಪಕ್ಕ ನಗಲಿಲ್ಲ. ಬಿಲ್ಲೆಯನ್ನು ಸೆರಗಿನಲ್ಲಿ ಒರೆಸಿ ನನ್ನ ಕೈಗೆ ಕೊಟ್ಟಳು. ಸಿಕ್ಕಿಸಿ ಮುಳ್ಳು ತಿರುಗಿಸಿದೆ. ಗಡಿಯಾರ ಹತ್ತು ಬಡಿಯಿತು. ತಾಯಿ ಬೆರಳು ಮಡಿಸುತ್ತ ಎಣಿಸಿದಳು. ಆಮೇಲೆ ಎದ್ದು, ಆ ಸದ್ದು ಬಂದ ಕಡೆಗೆ ಯಾರ ಕೈಯನ್ನೂ ಹಿಡಿಯದೆ ನಡೆದು, ಗೋಡೆ ಮುಟ್ಟಿ, "ಇಲ್ಲೈತೆ," ಎಂದಳು. ನಾವೆಲ್ಲ ಅಲ್ಲೇ ಹೊಟ್ಟಿನ ರಾಶಿಯ ನಡುವೆ ಕುಸಿದು ಕುಳಿತು ಉಸಿರುಬಿಟ್ಟೆವು.

ಮರುವರ್ಷ ಚನ್ನಗಿರಿಯ ಪೇಟೆಯಲ್ಲಿ ಸಿಕ್ಕ ಬುಡನ್‌ಸಾಬರಿಗೆ ಇದನ್ನು ಹೇಳಿದೆ. ಅವರು ನಾಲಿಗೆ ಕಚ್ಚಿಕೊಂಡರು. "ಅಯ್ಯೋ ಅಲ್ಲಾ! ಉಡಿ ಅಂದ್ಕಂಡ್ರಾ? ಬಿಲ್ಲೆ ಅಂತ ಹೇಳಾದೇ ಮರ್ತೆ ನೋಡ್ರಿ."

"ನನ್ನ ಕೈಗೇ ಕೊಡಬಹುದಿತ್ತಲ್ಲ?"

"ನೀವು ಜೇಬಿಗೆ ಹಾಕ್ಕಂಡು ಮರೀತಿದ್ರಿ ಮೇಷ್ಟ್ರೇ," ಎಂದು ನಕ್ಕರು. ಆಮೇಲೆ ಕೋಟಿನ ತೋಳನ್ನು ಸುಮ್ಮನೆ ಕೆಳಗೆ ಜಗ್ಗುತ್ತ, "ಅವತ್ತು ಎಲ್ರಿಗೂ ಒಂದೊಂದು ಕೆಲ್ಸ ಇತ್ತು. ಅವ್ವ ಒಬ್ರೇ ಮೂಲ್ಯಾಗೆ, ಕಟ್ಟಾಕೆ ಉಳಿದ ಸಾಮಾನಿನಂಗೆ ಕುಂತಿದ್ರು. ಅದಕ್ಕೇ," ಎಂದರು.

ಆಮೇಲೆ ಹೊನ್ನಾಳಿ, ನ್ಯಾಮತಿ ಎಂದು ನಾನು ಎಷ್ಟೋ ಸಲ ಮನೆ ಬದಲಿಸಿದ್ದೇನೆ. ಒಡೆಯದಂತೆ ಕಟ್ಟಬಲ್ಲವರು ಪ್ರತಿ ಊರಿನಲ್ಲೂ ಸಿಕ್ಕಿದ್ದಾರೆ. ಆದರೆ ಸಾಮಾನು ಕಟ್ಟುವಾಗ ಮೂಲೆಯಲ್ಲಿ ಕುಳಿತ ಜೀವದ ಕಡೆಗೂ ತಿರುಗಿ ನೋಡುವವರು ವಿರಳ. ಅಂಥವರು ಹೊರಡುವವರ ಹೊರೆಯನ್ನು ಇಳಿಸಿ ಸುಮ್ಮನಾಗುವುದಿಲ್ಲ. ತಾವೇ ಒಂದು ಹೊರೆಯೆಂದು ಮುದುಡಿ ಕುಳಿತವರ ಮಡಿಲಿಗೆ, ಹೊರಲು ತಕ್ಕ ಒಂದು ಭಾರವನ್ನು ಇಟ್ಟು, ಬಾಗಿಲನ್ನು ಅಡ್ಡಡ್ಡಲಾಗಿ ದಾಟಿ ಹೊರಟುಹೋಗುತ್ತಾರೆ.