ಬೀಗವಿಲ್ಲದ ಕತ್ತರಿ

ನಾನು ಒಂದು ಕತ್ತರಿ. ಬಟ್ಟೆ ಕತ್ತರಿಸುವುದಲ್ಲ, ಕಣ್ಣಿಗೆ ಕಾಣುವುದೂ ಇಲ್ಲ. ಜೀವಿಗಳ ಒಡಲಲ್ಲಿ ದೇವರು ಬರೆದಿಟ್ಟ ವಂಶದ ಎಳೆಯನ್ನು ಓದಿ, ಹೇಳಿದ ಕಡೆ ಕತ್ತರಿಸುವವನು. ನಾನು ಹುಟ್ಟಿದ್ದು ಒಂದು ಸೂಕ್ಷ್ಮಾಣುವಿನೊಳಗೆ. ಒಳನುಗ್ಗುವ ವೈರಾಣುವನ್ನು ತುಂಡರಿಸುವ ಕಾವಲುಗಾರನಾಗಿದ್ದೆ.

ಆಮೇಲೆ ಮನುಷ್ಯರ ಕೈ ಸೇರಿದೆ. ಗಾಜಿನ ನಳಿಗೆಯಲ್ಲಿ ತಣ್ಣಗೆ ಮಲಗಿದ್ದವನನ್ನು ಎತ್ತಿಕೊಂಡವರು ರೇಷ್ಮೆ ಪ್ರಯೋಗಾಲಯದ ದೇವೀರಮ್ಮನವರು. ಅವರದು ಕೊಳ್ಳೇಗಾಲದ ಕಡೆಯ ರೇಷ್ಮೆಹುಳು ಸಾಕುವ ಮನೆತನ. ಅವರ ತಂದೆ ತೀರಿಕೊಳ್ಳುವಾಗ ಮಗಳ ಕೈಗೆ ಕೊಟ್ಟದ್ದು ಹಳದಿ ಗೂಡು ಕಟ್ಟುವ ಹಳೆಯ ತಳಿಯ ಮೊಟ್ಟೆಗಳನ್ನು. ಹಾಲುರೋಗ ಬಂದರೆ ಆ ಹುಳುಗಳ ಮೈಯೊಡೆದು ಬಿಳಿ ನೀರು ಸೋರುತ್ತಿತ್ತು. ತಳಿಯೇ ಅಳಿದುಹೋಗುವುದರಲ್ಲಿತ್ತು.

“ಇದನ್ನೊಂದು ಉಳಿಸಿಕೊಡಪ್ಪ” ಎಂದು ಕೈಮುಗಿದು, ಅವರು ಅರ್ಧ ಮೊಟ್ಟೆಗಳಿಗೆ ನನ್ನನ್ನು ಚುಚ್ಚಿದರು. ಉಳಿದರ್ಧವನ್ನು ಶೀತಲಪೆಟ್ಟಿಗೆಯಲ್ಲಿ ತೆಗೆದಿಟ್ಟರು. ನಾನು ಹಂಚಿಹೋಗಿ ಪ್ರತಿ ಹುಳುವಿನಲ್ಲೂ ಬೆಳೆದೆ. ರೋಗದ ವೈರಾಣು ಬಂದಾಗ ಕತ್ತರಿಸಿ ಹಾಕಿದೆ. ಪಕ್ಕದ ತಟ್ಟೆಯ ಬೇರೆ ತಳಿಯ ಹುಳುಗಳು ಸೋರಿ ಸತ್ತವು. ನಮ್ಮವು ಸೊಪ್ಪು ಮೇಯುತ್ತಲೇ ಇದ್ದವು. ಎಷ್ಟು ಜಂಬಪಟ್ಟೆನೋ!

ಆದರೆ ವೈರಾಣು ಮುಗಿದ ಮೇಲೆ ಸುಮ್ಮನಿರುವುದು ನನಗೆ ತಿಳಿಯದು. ಹುಳುವಿನದೇ ಎಳೆಯಲ್ಲಿ, ವೈರಾಣುವಿನದರಂತೆಯೇ ಕಾಣುವ ಅಕ್ಷರಗಳಿದ್ದವು. ಅವನ್ನೂ ಕತ್ತರಿಸತೊಡಗಿದೆ.

ಇಂಥದು ಆದೀತೆಂದು ದೇವೀರಮ್ಮನವರು ನನಗೊಂದು ಬೀಗ ಮಾಡಿಟ್ಟಿದ್ದರು. ಸೊಪ್ಪಿಗೆ ಒಂದು ಮದ್ದು ಚಿಮುಕಿಸಿ ತಿನ್ನಿಸಿದರೆ ನನ್ನ ಬಾಯಿ ಮುಚ್ಚುತ್ತಿತ್ತು. ತಂದೆಯ ತಿಥಿಗೆ ಊರಿಗೆ ಹೊರಡುವಾಗ, “ಹುಳು ಮಂಕಾದ್ರೆ ಫೋನ್ ಮಾಡಿ, ಮದ್ದು ಯಾವಾಗ ಹಾಕಬೇಕು ಅಂತ ಹೇಳ್ತೀನಿ” ಎಂದು ಸಹಾಯಕ ಫಕೀರಪ್ಪನಿಗೆ ಹೇಳಿ ಹೋದರು. ಫಕೀರಪ್ಪ ಗದಗಿನ ಕಡೆಯವನು, ರೇಷ್ಮೆಗೆ ಹೊಸಬ.

ಮಾರನೆಯ ದಿನ ಅವನು ತಟ್ಟೆಯ ಪಕ್ಕದಲ್ಲೇ ನಿಂತು ಫೋನ್ ಮಾಡಿದ.

“ಮೇಡಮ್ಮಾರ, ಹುಳಕ್ಕ ಜ್ವರ ಬಂದೈತ್ರಿ. ತಲಿ ಎತ್ತಿ ಸುಮ್ನ ಕುಂತಾವು.”

ಆ ಕಡೆಯಿಂದ ನಗು ಕೇಳಿಸಿತು. “ಬರಲಿ ಬಿಡಿ ಫಕೀರಪ್ಪ, ಒಳ್ಳೇದೇ ಆಯ್ತು. ಎದ್ದ ಮೇಲೆ ಸೊಪ್ಪು ಹಾಕಿ. ಅಲ್ಲೀತನಕ ಏನೂ ಮುಟ್ಟಬೇಡಿ.”

“ಜ್ವರ ಒಳ್ಳೇದೇನ್ರೀ?”

“ಬರದೇ ಇದ್ರೆ ಹುಳು ಬೆಳೆಯೋದು ಹ್ಯಾಗೆ?”

ದೊಡ್ಡವರು ಹೇಳಿದ ಮೇಲೆ ಮುಗಿಯಿತೆಂದು ಅವನು ತಟ್ಟೆಗೆ ಬಟ್ಟೆ ಮುಚ್ಚಿದ. ಮದ್ದು ಬೀಳಲಿಲ್ಲ. ನಾನು ಕತ್ತರಿಸುತ್ತಲೇ ಹೋದೆ.

ತಿಥಿ ಮುಗಿಸಿ ದೇವೀರಮ್ಮನವರು ಬಂದು ಬಟ್ಟೆ ಸರಿಸಿದಾಗ ಒಂದು ಹುಳುವೂ ಅಲುಗಲಿಲ್ಲ.

“ಪೊರೆ ಎಲ್ಲಿ? ಜ್ವರ ಅಂದ್ರಲ್ಲ?”

“ಜ್ವರ ಅಂದ್ರ ಜ್ವರ ರೀ, ಮನಷ್ಯಾರಿಗೆ ಬರೂವಂಥಾದ್ದು. ಜಡ್ಡು!”

ದೇವೀರಮ್ಮನವರು ಸತ್ತ ಹುಳುವೊಂದನ್ನು ಅಂಗೈಗೆ ಎತ್ತಿಕೊಂಡರು. “ನಮ್ಮ ಕಡೆ ಹುಳು ಪೊರೆ ಬಿಡೋಕೆ ಮಲಗೋದಕ್ಕೆ ಜ್ವರ ಅಂತೀವಪ್ಪ. ನಮ್ಮಪ್ಪನ ಬಾಯಲ್ಲಿ ದಿನಾ ಕೇಳಿದ ಮಾತು. ನಾನೇ ಕೇಳಬೇಕಿತ್ತು.”

“ನಾನಽ ಬಿಡಿಸಿ ಹೇಳಬೇಕಿತ್ತ್ರಿ” ಎಂದು ಫಕೀರಪ್ಪ ಕಣ್ಣೊರೆಸಿಕೊಂಡ.

ಇಬ್ಬರೂ ತಪ್ಪನ್ನು ತಮ್ಮ ಮೇಲೆ ಎಳೆದುಕೊಂಡರು. ನನ್ನನ್ನು ಯಾರೂ ಬಯ್ಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಕಾಯಲೆಂದು ಒಳಗೆ ಬಿಟ್ಟವನು ಮನೆಯವರನ್ನೇ ಕೊಂದಿದ್ದೆ.

ಅಂದಿನಿಂದ ದೇವೀರಮ್ಮನವರು ಒಂದೇ ಹಟ ಹಿಡಿದರು. ಬೀಗ ಯಾರ ಫೋನನ್ನೂ ಯಾರ ಮಾತನ್ನೂ ಕಾಯಬಾರದು. ಬಹಳ ಕಾಲ ದುಡಿದು ಹೊಸ ಕತ್ತರಿ ಮಾಡಿದರು. ಅದು ಹುಟ್ಟುವಾಗಲೇ ಮುಚ್ಚಿರುತ್ತದೆ. ವೈರಾಣು ಬಂದರೆ ಮಾತ್ರ ಬಾಯಿ ತೆರೆಯುತ್ತದೆ, ಅದು ಸತ್ತೊಡನೆ ತಾನೇ ಮುಚ್ಚಿಕೊಳ್ಳುತ್ತದೆ. ತೆಗೆದಿಟ್ಟಿದ್ದ ಮೊಟ್ಟೆಗಳಲ್ಲಿ ಕೆಲವನ್ನು ಅದಕ್ಕೆ ಒಪ್ಪಿಸಿದರು.

ನನ್ನದು ಈಗ ಶೀತಲಪೆಟ್ಟಿಗೆಯ ಕೆಳಗಿನ ಮೂಲೆ. ಉಳಿದ ಒಂದು ಹನಿ ನಾನು. ನಳಿಗೆಯ ಮೇಲೆ ‘ತನ್ನದೇ ಬೀಗವಿಲ್ಲ, ತೆರೆಯಬೇಡಿ’ ಎಂದು ಬರೆದಿದ್ದಾರೆ. ಅದು ನನಗೆ ತಕ್ಕ ಹೆಸರು.

ಮೊನ್ನೆ ಪೆಟ್ಟಿಗೆಯ ಬಾಗಿಲು ತೆರೆದಾಗ ಮಾತು ಕೇಳಿಸಿತು.

“ಮೇಡಮ್ಮಾರ, ಹೊಸಾ ಹುಳಕ್ಕ ಜ್ವರ ಬಂದೈತ್ರಿ.”

“ಯಾವ ಜ್ವರ ಫಕೀರಪ್ಪ? ನಿಮ್ಮ ಕಡೇದೋ, ನಮ್ಮ ಕಡೇದೋ?”

“ಪೊರಿ ಬಿರದೈತ್ರಿ. ನಿಮ್ಮಪ್ಪಾರ ಜ್ವರ.”

ದೇವೀರಮ್ಮನವರು ನಕ್ಕರೋ ಅತ್ತರೋ ತಿಳಿಯುವ ಮುನ್ನ ಬಾಗಿಲು ಮುಚ್ಚಿತು. ಈ ಕತ್ತಲಲ್ಲಿ ನನ್ನದು ಒಂದೇ ಪ್ರಾರ್ಥನೆ. ಎಳೆ ಬರೆದ ದೇವರೇ, ಆ ತಟ್ಟೆಯ ಹುಳುಗಳು ಗೂಡು ಕಟ್ಟಲಿ. ನನ್ನ ನಳಿಗೆಯನ್ನು ಇನ್ನು ಯಾರೂ ತೆರೆಯದಿರಲಿ.