ಖಾಲಿ ವ್ಯಾನಿನ ವಾಸನೆ

ಬೆಟ್ಟದ ಕೆಳಗಿನ ಊರಿನಲ್ಲಿ ಕಸದ ತೊಟ್ಟಿಗೆ ಕರಡಿ ಬರುವುದು ಹೊಸದಲ್ಲ. ಬೆಳಿಗ್ಗೆ ಎದ್ದರೆ ತೊಟ್ಟಿ ಮಗುಚಿ ಬಿದ್ದಿರುತ್ತದೆ. ಬೀದಿಯವರು ಒಬ್ಬರ ಮೇಲೊಬ್ಬರು ತಪ್ಪು ಹೊರಿಸುತ್ತಾರೆ. ಕಸ ಅಲ್ಲೇ ಇರುತ್ತದೆ.

ಬೇಕರಿಯವನ ಕೊರಗು ಮಾತ್ರ ಬೇರೆ. ಇಡೀ ಬೀದಿ ಕರಡಿ ನೋಡಿತ್ತು, ಅವನು ನೋಡಿರಲಿಲ್ಲ. ಕರಡಿ ಬರುವ ಹೊತ್ತಿಗೆ ಅವನು ಒಲೆಯ ಮುಂದೆ ಬ್ರೆಡ್ಡಿನ ಜೊತೆ ಬೇಯುತ್ತಿರುತ್ತಿದ್ದ.

ರಜೆಯ ದಿನ ಹೆಂಡತಿಯನ್ನೂ ತಾಯಿಯನ್ನೂ ಬೇಕರಿಯ ವ್ಯಾನಿನಲ್ಲಿ ಕೂರಿಸಿಕೊಂಡು ಬೆಟ್ಟದ ರಾಷ್ಟ್ರೀಯ ಉದ್ಯಾನಕ್ಕೆ ಹೊರಟ. ತಾಯಿಗೆ ಮಂಡಿನೋವು. ಊಟವಾದ ಮೇಲೆ ಒಂದು ನಿದ್ದೆ ಬೇಕೇ ಬೇಕು. ಅದಕ್ಕೆಂದು ವ್ಯಾನಿನ ಹಿಂಭಾಗದಲ್ಲಿ ಬರಿದಾದ ಸಕ್ಕರೆ ಚೀಲಗಳನ್ನು ಮಡಚಿ ಹಾಸಿಗೆ ಮಾಡಿದ್ದ.

ಹೆಂಡತಿಯ ತಂಗಿ ಅದೇ ಉದ್ಯಾನದಲ್ಲಿ ಅರಣ್ಯ ರಕ್ಷಕಿ. ವಾಹನ ನಿಲ್ಲಿಸುವ ಬಯಲಿನಲ್ಲಿ ಕಾಯುತ್ತಿದ್ದಳು. ವ್ಯಾನಿನ ಬಾಗಿಲು ತೆರೆದ ಕೂಡಲೇ ಅವಳ ಮುಖ ಗಂಟಿಕ್ಕಿತು.

"ಭಾವ, ಇದನ್ಯಾಕೆ ತಂದ್ರಿ? ಬಸ್ಸಲ್ಲಿ ಬನ್ನಿ ಅಂದಿದ್ನಲ್ಲ."

"ಬಸ್ಸಲ್ಲಿ ಅಮ್ಮ ಎಲ್ಲಿ ಮಲಗ್ತಾಳೆ? ನಿನ್ನ ತೊಡೆ ಮೇಲಾ?"

"ಬೆಣ್ಣೆ, ಸಕ್ಕರೆ ಘಮ್ ಅಂತಿದೆ."

"ಖಾಲಿ ವ್ಯಾನ್ ಕಣೇ. ನಿನ್ನೆ ತೊಳೆದಿದೀನಿ. ನನಗೇನೂ ವಾಸನೆ ಬರ್ತಿಲ್ಲ."

"ನಿಮಗೆ ಹೇಗೆ ಬರುತ್ತೆ? ದಿನಾ ಅದರಲ್ಲೇ ಮುಳುಗಿರ್ತೀರ. ಕರಡಿಗೆ ಆ ಗುಡ್ಡದಾಚೆಯಿಂದ್ಲೇ ಬರುತ್ತೆ."

ಬಯಲಿನ ಅಂಚಿನಲ್ಲಿ ಗಟ್ಟಿ ಚಿಲಕದ ಕಬ್ಬಿಣದ ಪೆಟ್ಟಿಗೆಗಳಿದ್ದವು. ತಿಂಡಿಯಷ್ಟೇ ಅಲ್ಲ, ಸೋಪು, ಎಣ್ಣೆ, ಮುಲಾಮು, ವಾಸನೆ ಬರುವುದೆಲ್ಲ ಅದರೊಳಗೆ ಇಡಬೇಕು ಎಂದಳು. ಊಟ ಮುಗಿಸಿ ಅವನು ಬುತ್ತಿಯ ಚೀಲವನ್ನು ಪೆಟ್ಟಿಗೆಗೆ ಹಾಕಿದ.

"ಆ ಸಕ್ಕರೆ ಚೀಲಗಳನ್ನೂ ಹಾಕಿ."

"ಅದರಲ್ಲಿ ಏನಿದೆ ಮಣ್ಣು? ಅದು ಹಾಸಿಗೆ."

"ಹೇಳಿದ್ದು ಕೇಳಬಾರದಾ?" ಎಂದಳು ಹೆಂಡತಿ.

"ನಿಮ್ಮ ತವರಿನವರಿಗೆ ಹೇಳೋದೊಂದೇ ಕೆಲಸ."

ಅಷ್ಟರಲ್ಲಿ ವೈರ್‌ಲೆಸ್ ಕರೆಯಿತು. ಮೇಲೆ ಯಾರೋ ಕಾಡುಮೇಕೆಗಳ ಹತ್ತಿರ ಹೋಗುತ್ತಿದ್ದರಂತೆ. ರಕ್ಷಕಿ ಹೊರಡುತ್ತ ಮುದುಕಿಯ ಕಡೆ ತಿರುಗಿದಳು. "ಅತ್ತೆ, ವ್ಯಾನಲ್ಲಿ ಮಲಗಬೇಡಿ. ಅಲ್ಲಿ ನಮ್ಮ ಕಲ್ಲಿನ ಕೋಣೆ ಇದೆ."

"ಅಲ್ಲಿರೋದು ಬೆಂಚು ತಾನೆ? ನನ್ನ ಮೂಳೆಗೆ ಮರ ಆಗಲ್ಲಮ್ಮ," ಎಂದು ಮುದುಕಿ ವ್ಯಾನ್ ಹತ್ತಿ ಕಾಲು ಚಾಚಿದಳು.

ಗಂಡ ಹೆಂಡತಿ ನಿಧಾನವಾಗಿ ಹತ್ತಿ ವೀಕ್ಷಣಾ ಕಟ್ಟೆ ಸೇರಿದಾಗ ರಕ್ಷಕಿ ಅಲ್ಲಿದ್ದಳು. ಬೈನಾಕ್ಯುಲರ್ ಕೊಟ್ಟು ಎದುರಿನ ಬಂಡೆ ತೋರಿಸಿದಳು. ಕಾಲಿಡಲೂ ಜಾಗವಿಲ್ಲದ ಕಡೆ ಕಾಡುಮೇಕೆಗಳು ಆರಾಮವಾಗಿ ಮೆಲುಕು ಹಾಕುತ್ತಿದ್ದವು.

"ಇವು ಬೀಳಲ್ವಾ?"

"ನಾವು ಕೂಗಿ, ಕಲ್ಲೆಸೆದು ಬೆದರಿಸದಿದ್ರೆ ಬೀಳಲ್ಲ."

ಬೇಕರಿಯವನು ತಾಯಿಯ ನೆನಪಾಗಿ ಬೈನಾಕ್ಯುಲರನ್ನು ಕೆಳಗಿನ ಬಯಲಿನತ್ತ ತಿರುಗಿಸಿದ.

"ಕರಡಿ," ಎಂದ. "ನಮ್ಮ ವ್ಯಾನಿಗೆ ಹತ್ತುತ್ತಿದೆ."

ಹಿಂದಿನ ಬಾಗಿಲು ಬಗ್ಗಿ ನೇತಾಡುತ್ತಿತ್ತು. ಅವನು ಓಡಲು ಹೊರಟ. ರಕ್ಷಕಿ ಅಂಗಿ ಹಿಡಿದು ಎಳೆದಳು.

"ಓಡಬೇಡಿ ಭಾವ. ನೀವು ಮೇಲೆ ಬಿದ್ರೆ ಅದು ಗಾಬರಿಯಾಗಿ ಒಳಗಿರೋರ ಮೇಲೆ ತಿರುಗುತ್ತೆ."

"ಅಮ್ಮ ಒಳಗಿದಾಳೆ."

"ಗೊತ್ತು," ಎಂದವಳೇ ವೈರ್‌ಲೆಸ್‌ನಲ್ಲಿ ಗೇಟಿನವರನ್ನು ಕರೆದಳು.

ಇಲಾಖೆಯ ಜೀಪು ಹಾರ್ನ್ ಬಾರಿಸುತ್ತ ಬಂತು. ಕರಡಿ ಒಂದು ಚೀಲ ಕಚ್ಚಿಕೊಂಡು ಹೊರಗೆ ಜಿಗಿದು ಮರಗಳೊಳಗೆ ಹೋಯಿತು. ಮೂವರೂ ಕೆಳಗೆ ಇಳಿದಾಗ ಜೀಪು ಇನ್ನೂ ಹಾರ್ನ್ ಬಾರಿಸುತ್ತ ಮರಗಳ ಅಂಚಿನಲ್ಲಿ ಸುತ್ತುತ್ತಿತ್ತು. ವ್ಯಾನಿನಲ್ಲಿ ಹರಿದ ಚೀಲಗಳು, ಸೊಟ್ಟಗಾದ ಬ್ರೆಡ್ ತಟ್ಟೆಗಳು, ತಾಯಿಯ ಒಂದು ಚಪ್ಪಲಿ. ತಾಯಿ ಇರಲಿಲ್ಲ. ಬೇಕರಿಯವನು ಚಪ್ಪಲಿ ಎತ್ತಿಕೊಂಡ.

"ಏನೋ ಅದು ಹಾರ್ನ್? ಮನುಷ್ಯರು ಮಲಗೋದು ಬೇಡವಾ?"

ಮುದುಕಿ ಕಲ್ಲಿನ ಕೋಣೆಯ ಬಾಗಿಲಲ್ಲಿ ತೋಳು ಕೆರೆದುಕೊಳ್ಳುತ್ತ ನಿಂತಿದ್ದಳು.

"ಇರುವೆ ಕಣೋ. ಕಣ್ಣು ಮುಚ್ಚೋದರೊಳಗೆ ಬೆನ್ನೆಲ್ಲ ಕಚ್ಚಿ ಹಾಕಿದವು. ಎದ್ದು ಓಡೋ ಗಡಿಬಿಡೀಲಿ ಚಪ್ಪಲಿನೂ ಬಿಟ್ಟು ಬಂದೆ. ಖಾಲಿ ಚೀಲ ಅಂದ್ಯಲ್ಲ, ಇರುವೆಗೆ ತಿಳಿದಿದ್ದು ನಿನಗೆ ತಿಳಿಯಲಿಲ್ಲವಲ್ಲೋ."

ಅವನು ಇದ್ದಲ್ಲೇ ಕುಸಿದು ಕೂತ. ಹೆಂಡತಿ ಅತ್ತೆಯ ಕೈ ಹಿಡಿದುಕೊಂಡು ನಕ್ಕಳು, ನಗುತ್ತಲೇ ಕಣ್ಣು ಒರೆಸಿಕೊಂಡಳು. ರಕ್ಷಕಿ ನಗಲಿಲ್ಲ.

"ಅತ್ತೆ ಉಳಿದ್ರು. ಆ ಕರಡಿ ಉಳಿಯುತ್ತಾ ನೋಡಬೇಕು."

"ಅದಕ್ಕೇನಾಗಿದೆ? ಚೆನ್ನಾಗೇ ಓಡ್ತಲ್ಲ."

"ಗಾಡಿಯೊಳಗೆ ಸಿಹಿ ಇರುತ್ತೆ ಅಂತ ಕಲಿತುಬಿಡ್ತು ಭಾವ. ಮತ್ತೆ ಬರುತ್ತೆ. ಜನರ ಮೇಲೆ ಬೀಳೋದು ಅಭ್ಯಾಸ ಆದ್ರೆ ಅದನ್ನ ಕೊಲ್ಲಬೇಕಾಗುತ್ತೆ. ತಪ್ಪು ನಿಮ್ಮದು, ಗುಂಡು ಅದಕ್ಕೆ."

ಬೇಕರಿಯವನು ಎದ್ದ. ಉಳಿದ ಚೀಲಗಳನ್ನು ತಾನೇ ಆಯ್ದು ಪೆಟ್ಟಿಗೆಗೆ ತುಂಬಿದ.

ಮುಂದಿನ ದಿನಗಳಲ್ಲಿ ಕರಡಿ ಬಯಲಿಗೆ ಬಂದದ್ದು ನಿಜ. ಯಾವ ಗಾಡಿಯಲ್ಲೂ ಏನೂ ಸಿಗದಂತೆ ರಕ್ಷಕರು ನೋಡಿಕೊಂಡರು, ಸದ್ದು ಮಾಡಿ ಅಟ್ಟಿದರು. ಆಮೇಲೆ ಅದು ಹಣ್ಣು ಬಿಟ್ಟಿದ್ದ ಮೇಲಿನ ಕಾಡಿಗೆ ಹೊರಟುಹೋಯಿತು. ಈ ಸುದ್ದಿ ಹೇಳಲು ರಕ್ಷಕಿ ಬೇಕರಿಗೆ ಬಂದಾಗ ಭಾವ ಹಿಟ್ಟಿನ ಕೈಯಲ್ಲೇ ಹಣೆ ಒರೆಸಿಕೊಂಡು, "ಸದ್ಯ, ಬದುಕಿತು," ಎಂದ. ಬೀದಿಯ ತೊಟ್ಟಿಗೆ ಅವನೇ ಮುಚ್ಚಳ ಹಾಕಿಸಿದ್ದಾನೆ. ಬೆಟ್ಟಕ್ಕೆ ಹೋಗುವ ಗಿರಾಕಿಗಳಿಗೆ ಬ್ರೆಡ್ ಕೊಡುವಾಗ, "ಗಾಡೀಲಿ ಬಿಡಬೇಡಿ, ಪೆಟ್ಟಿಗೇಲಿ ಇಡಿ," ಎನ್ನುತ್ತಾನೆ. ತಾನು ಬಸ್ಸಿನಲ್ಲಿ ಹೋಗುತ್ತಾನೆ.

ನೀವೂ ಬೆಟ್ಟಕ್ಕೆ ಹೋಗಿ. ನಡೆಯಿರಿ, ದೂರದಿಂದ ನೋಡಿ, ಮಕ್ಕಳಿಗೂ ತೋರಿಸಿ. ಹೊರಡುವ ಮುನ್ನ ಗಾಡಿಯನ್ನು ಬೇರೆಯವರಿಂದ ಮೂಸಿಸಿ, ನಿಮ್ಮ ಮೂಗನ್ನು ನಂಬಬೇಡಿ. ವಾಸನೆ ಬರುವುದೆಲ್ಲ ಪೆಟ್ಟಿಗೆಯೊಳಗೆ ಇಡಿ, ಕಸ ವಾಪಸ್ ತನ್ನಿ. ಪ್ರಾಣಿ ಕಾಣಲಿಲ್ಲವೆಂದು ತಿಂಡಿ ಎಸೆದು ಕರೆಯಬೇಡಿ. ನಮ್ಮ ತುತ್ತಿನ ರುಚಿ ಹತ್ತಿದ ಕಾಡುಪ್ರಾಣಿ ಹೆಚ್ಚು ದಿನ ಬದುಕುವುದಿಲ್ಲ.