ಹದಿನಾಲ್ಕು ಹದಿಮೂರಕ್ಕೆ ನಿಂತ ಆಟ

ಮತ್ತೆ ಆ ಶಾಲು, ಅದೇ ಹಳದಿ ಅಂಚಿನದು, ಪ್ಲಾಸ್ಟಿಕ್ಕಿನೊಳಗಿಂದ ಚರಚರ ಎನ್ನುತ್ತ ಹೊರಗೆ ಬರುತ್ತಿದೆ, ಈಗಲೇ ಬರಬೇಕಿತ್ತೇ ಅದು, ಥ್ರೋಬಾಲ್ ಫೈನಲ್ಲು, ಮೂರನೇ ಸೆಟ್ಟು, ಹದಿನಾಲ್ಕು ಹದಿಮೂರು, ಸರ್ವಿಸು ತನ್ನದು, ಇನ್ನು ಒಂದೇ ಒಂದು ಪಾಯಿಂಟು, ಅಷ್ಟರಲ್ಲಿ ಮೈಕು ಹಿಡಿದ ಲ್ಯಾನ್ಸ್‌ಲಾಟ್ ಆಟವನ್ನೇ ನಿಲ್ಲಿಸಿಬಿಟ್ಟ — ಒಂದು ನಿಮಿಷ ಪ್ಲೀಸ್, ನಮ್ಮ ಮುಖ್ಯ ಅತಿಥಿಗಳಿಗೆ ಲುಸೈಲ್‌ನಲ್ಲಿ ಇನ್ನೊಂದು ಪ್ರೋಗ್ರಾಮ್ ಉಂಟು, ಹೊರಡುವ ಮೊದಲು ಸಣ್ಣದೊಂದು ಸನ್ಮಾನ ಮುಗಿಸಿಬಿಡುವ — ಸಣ್ಣದಂತೆ, ಕರ್ಮ, ಈ ಜನಕ್ಕೆ ಯಾರಿಗಾದರೂ ಶಾಲು ಹೊದಿಸದಿದ್ದರೆ ಉಂಡದ್ದು ಕರಗುವುದಿಲ್ಲ, ಕತಾರಿಗೆ ಬಂದು ಇಪ್ಪತ್ತು ವರ್ಷವಾದರೂ ಹಣ್ಣಿನ ಬುಟ್ಟಿ ಬಿಟ್ಟಿಲ್ಲ, ಈ ಸೆಕೆಯಲ್ಲಿ ಆ ಸೇಬುಗಳಾದರೂ ಏನು ಪಾಪ ಮಾಡಿದ್ದವು. ಲೀಲಾಕ್ಷಿ ಚೆಂಡನ್ನು ಕಂಕುಳಲ್ಲಿ ಒತ್ತಿಕೊಂಡು ಗೆರೆಯ ಹಿಂದೆ ನಿಂತಿದ್ದಾಳೆ, ಬೆವರು ಆರುತ್ತಿದೆ, ತೋಳು ತಣ್ಣಗಾಗುತ್ತಿದೆ, ತಣ್ಣಗಾದ ತೋಳಿನಲ್ಲಿ ಎಂಥ ಸರ್ವಿಸು, ಮಣ್ಣಾಂಗಟ್ಟಿ, ಅತ್ತ ನೋಡಬಾರದು, ನೀರಿನ ಕ್ಯಾನಿನ ಪಕ್ಕದ ಕುರ್ಚಿಯತ್ತ ಮಾತ್ರ ನೋಡಬಾರದು, ನೋಡಿದಳು — ಮಿಸ್ರಿಯಾ ಕೂತಿದ್ದಾಳೆ, ಬಲಗೈ ಮಡಿಲಲ್ಲಿ, ನಡುಬೆರಳಿಗೆ ಐಸ್‌ಕ್ಯಾಂಡಿ ಕಡ್ಡಿ ಇಟ್ಟು ಟೇಪು ಸುತ್ತಿದ್ದಾರೆ, ಯಾರದೋ ಮಗು ತಿಂದು ಬಿಟ್ಟದ್ದು, ತೊಳೆದರೂ ತುದಿಯ ಕಿತ್ತಳೆ ಬಣ್ಣ ಹೋಗಿಲ್ಲ.

ಕೇಳಲಿಲ್ಲ ಮಾರಾಯ್ತಿ, ಆ ಗಲಾಟೆಯಲ್ಲಿ ಕೇಳಲಿಲ್ಲ — ಬೆಳಿಗ್ಗೆಯಿಂದ ಎಷ್ಟು ಸಲ ಹೇಳಿದಳೋ, ಟೀಮಿನ ತಾನ್ಯಾಳಿಗೆ, ಗ್ರೀಷ್ಮಾಳಿಗೆ, ರೆಫ್ರಿಗೆ, ಮಿಸ್ರಿಯಾ ಒಬ್ಬಳಿಗೆ ಮಾತ್ರ ಹೇಳಲಿಲ್ಲ. ಜುಮ್ಮಾ ನಮಾಜಿಗೆ ಮೊದಲು ಮುಗಿಯಲೆಂದು ಅರ್ಜೆಂಟಿನಲ್ಲಿ ಆಡಿಸಿದ ಸೆಮಿಫೈನಲ್ಲು, ಚೆಂಡು ಬಂದದ್ದು ಮಿಸ್ರಿಯಾಳ ಜಾಗಕ್ಕೆ, ಹಿಡಿಯುವವಳು ನಂದು ಎಂದು ಕೂಗಿದರೆ ಉಳಿದವರು ಸರಿಯಬೇಕು, ಮೊದಲ ದಿನದ ಪಾಠವೇ ಅದು, ಹೇಳಿಕೊಟ್ಟವಳೂ ಅವಳೇ, ಹನ್ನೆರಡು ವರ್ಷದ ಹಿಂದೆ ದೋಹಾದ ಫ್ಲಾಟಿನಲ್ಲಿ ಗೋಡೆ ನೋಡುತ್ತ ಕೂತಿದ್ದ ತನ್ನನ್ನು ಯಲ್ಲಾ ಬಾ ಎಂದು ಕಾರಿಗೆ ಹತ್ತಿಸಿ ಅಬು ಹಮೂರಿನ ಈ ಗ್ರೌಂಡಿಗೇ ಕರೆತಂದಿದ್ದಳು. ತಾನು ನುಗ್ಗಿದಳು, ಕಟ್ ಎಂದಿತು, ಪಾಯಿಂಟೂ ಹೋಯಿತು, ಅವಳ ಬೆರಳೂ ಹೋಯಿತು. ತಾನ್ಯಾಳ ನಾಲಗೆಗೆ ಅಷ್ಟೇ ಸಾಕಲ್ಲ — ನೀವೊಬ್ಬರೇ ಆಡುವುದಾದರೆ ನಾವು ಆರು ಮಂದಿ ಎಂಥಕ್ಕೆ ಲೀಲಕ್ಕ, ಬೇಲಿಗೂಟಕ್ಕಾ? ಅಬ್ಬಾ ಮಾತೇ! ಈ ಸೆಟ್ಟಿನ ಹದಿನಾಲ್ಕರಲ್ಲಿ ಹನ್ನೊಂದು ಯಾರ ಕೈಯಿಂದ ಬಂತು, ಅದನ್ನು ಹೇಳಲಿ, ಕೈ ಬೀಸಿದರೆ ಬಳೆಗೆ ನೋವಾಗುತ್ತದೋ ಎಂಬಂತೆ ಆಡುವವರಿಗೆ ಬಿಟ್ಟುಕೊಟ್ಟರೆ ಗೆದ್ದಂತೆಯೇ, ಕೂಗಿದ್ದು ಕೇಳಲಿಲ್ಲ ಅಂದರೆ ಕೇಳಲಿಲ್ಲ, ಖಲಾಸ್, ಅಷ್ಟಕ್ಕೂ ಮಿಸ್ರಿಯಾಳ ದನಿ ಏನು ಸಣ್ಣದೇ, ಸಂತೆಯಲ್ಲೂ ಬೇರೆಯಾಗಿ ಕೇಳುತ್ತದೆ — ಅಯ್ಯೋ ಸುಮ್ಮನಿರು ಮನಸ್ಸೇ.

ಇನ್ನೊಂದು ಸಂತೋಷದ ವಿಷಯ, ಎನ್ನುತ್ತಿದ್ದಾನೆ ಲ್ಯಾನ್ಸ್‌ಲಾಟ್, ಅತಿಥಿಗಳ ಕೈಯಿಂದಲೇ ಕೊಡಿಸಬೇಕಂತ ಬೆಸ್ಟ್ ಪ್ಲೇಯರ್ ಬಹುಮಾನ ಈಗಲೇ, ನಮ್ಮೆಲ್ಲರ ಹೆಮ್ಮೆಯ ಲೀಲಾಕ್ಷಿ, ಜೋರಾದ ಚಪ್ಪಾಳೆ! ಥತ್, ತಲೆ ನೆಟ್ಟಗಿದೆಯಾ ಇವನಿಗೆ, ಆಟ ಮುಗಿದಿಲ್ಲ ಮಾರಾಯ್ರೆ, ಅಂದಳು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ, ಒಂದು ಕೈಯಲ್ಲಿ ಚೆಂಡು ಇನ್ನೊಂದರಲ್ಲಿ ಕಪ್ಪು, ಫೋಟೋದವನು ಸ್ಮೈಲ್ ಮೇಡಂ ಅನ್ನುತ್ತಾನೆ, ಹಿಂದೆ ಆರು ಮುಖಗಳು ಒಂದೊಂದು ದಿಕ್ಕಿಗೆ ನೋಡುತ್ತಿವೆ, ಚಪ್ಪಾಳೆಯ ನಡುವೆ ಕುರ್ಚಿಯಿಂದ ಸಣ್ಣ ಸದ್ದು, ಮಿಸ್ರಿಯಾ ಎಡಗೈಯಿಂದ ತೊಡೆ ತಟ್ಟುತ್ತಿದ್ದಾಳೆ, ಕಿತ್ತಳೆ ತುದಿಯ ಕಡ್ಡಿ ಅಲುಗದೆ ನೆಟ್ಟಗೆ ನಿಂತಿದೆ. ಒಂದು ಮಾತು ಹೇಳಬಹುದಿತ್ತು, ಹತ್ತು ಹೆಜ್ಜೆ ದೂರವೂ ಇಲ್ಲ, ಕೇಳಿತ್ತು ಮಿಸ್ರಿಯಾ, ನೀನು ಕೂಗಿದ್ದು ಕೇಳಿತ್ತು, ಆದರೂ ನನಗೇ ಬೇಕಿತ್ತು — ಬಾಯಿಗೆ ಬರಲಿಲ್ಲ, ಗೆದ್ದ ಮೇಲೆ ಹೇಳಿದರಾಯಿತು, ಗೆದ್ದ ಮೇಲೆ ಎಲ್ಲ ಸರಿಹೋಗುತ್ತದೆ.

ಕಪ್ಪನ್ನು ಗೆರೆಯಾಚೆ ಇಟ್ಟಳು, ಸೀಟಿ. ಸರ್ವಿಸಿಗೆ ಐದೇ ಸೆಕೆಂಡು. ಬೀಸಿದಳು, ತೋಳು ಮರಗಟ್ಟಿದೆ, ಚೆಂಡು ನೆಟ್ಟನ್ನು ಸವರಿಕೊಂಡು ಹೇಗೋ ದಾಟಿತು, ಆಚೆಯ ಉದ್ದ ಹುಡುಗಿ ಹಿಡಿದಳು, ಎಸೆದಳು, ಬರುತ್ತಿದೆ, ಬಲಮೂಲೆಗೆ, ಮಿಸ್ರಿಯಾಳ ಜಾಗಕ್ಕೆ, ಅಲ್ಲೀಗ ಗ್ರೀಷ್ಮಾ, ಕೈಯೆತ್ತಿ ನಿಂತಿದ್ದಾಳೆ, ಸರಿಯಾಗಿಯೇ ನಿಂತಿದ್ದಾಳೆ, ನಂದು ಲೀಲಕ್ಕ, ನಂದು — ಕೇಳುತ್ತಿದೆ, ಎಷ್ಟು ಸ್ಪಷ್ಟವಾಗಿ ಕೇಳುತ್ತಿದೆ, ನಿಲ್ಲು, ಕಾಲೇ ನಿಲ್ಲು, ಎಲ್ಲಿ ನಿಲ್ಲುತ್ತದೆ ದರಿದ್ರ ಕಾಲು, ಗ್ರೀಷ್ಮಾ ಹೆದರಿ ಕೈ ಎಳೆದುಕೊಂಡಳು, ಚೆಂಡು ತನ್ನ ಎರಡೂ ಕೈಯಲ್ಲಿ, ಹಾರಿ ಎಸೆದಳು, ಆಚೆ ಇಬ್ಬರ ನಡುವೆ ಬಿತ್ತು, ನೆಲಕ್ಕೆ ಬಡಿದ ಸದ್ದು, ಹದಿನೈದು.

ಎತ್ತಿದರು, ಕುಣಿದರು, ಯಾರೋ ನೀರು ಸುರಿದರು, ಲ್ಯಾನ್ಸ್‌ಲಾಟ್ ಮೈಕು ಒಡೆಯುವಂತೆ ಕಿರುಚಿದ, ತಾನ್ಯಾ ಕೂಡ ನಕ್ಕಳು, ಗ್ರೀಷ್ಮಾ ಮಾತ್ರ ಶೂ ಬಿಚ್ಚುತ್ತ ಕೂತಿದ್ದಳು, ಇರಲಿ, ಆಮೇಲೆ, ಮೊದಲು ಅವಳ ಹತ್ತಿರ, ಈಗ ಹೇಳಬಹುದು, ಗೆದ್ದಾಯಿತಲ್ಲ, ಲೀಲಾಕ್ಷಿ ಕುರ್ಚಿಯ ಮುಂದೆ ನಿಂತಳು, ಕೇಳಲಿಲ್ಲ ಮಾರಾಯ್ತಿ — ಬಾಯಿಗೆ ಬಂದದ್ದು ಅದೇ, ಛೆ, ಮತ್ತೆ ಅದೇ. ಗ್ರೀಷ್ಮಾ ಕೂಗಿದ್ದು ಇಲ್ಲಿಗೇ ಕೇಳಿತು ಲೀಲಾ, ಅಂದಳು ಮಿಸ್ರಿಯಾ, ಸಿಟ್ಟೂ ಇಲ್ಲ ದನಿಯಲ್ಲಿ. ಹನ್ನೆರಡು ವರ್ಷ ಪ್ರತಿ ಗೆಲುವಿಗೂ ಎತ್ತಿದಂತೆ ಲೀಲಾಕ್ಷಿ ಅವಳ ಕೈಗೆ ತಟ್ಟಲು ಅಂಗೈ ಎತ್ತಿದಳು, ಅಭ್ಯಾಸ, ಅವಳಿಗೂ ಅದೇ ಅಭ್ಯಾಸ, ಬಲಗೈ ಮಡಿಲಿನಿಂದ ಮೇಲೆ ಬಂತು, ಅರ್ಧಕ್ಕೆ ನಿಂತಿತು, ಅಲ್ಲೇ, ಊದಿದ ಬೆರಳು, ಬಿಳಿ ಟೇಪು, ಕಡ್ಡಿ, ಕಡ್ಡಿಯ ತುದಿಯ ಕಿತ್ತಳೆ